ನಿರಾಶ್ರಿತ ಕುಟುಂಬಕ್ಕೆ ಹೊಸ ನೆಲದಲ್ಲಿ ನೆರವಾಗುವುದು ಹೇಗೆ

ನಿರಾಶ್ರಿತರ ಮನಸ್ಸು ಕುಗ್ಗಿರುವುದು ಅವರು ಕಂಡ ಯುದ್ಧ, ಹಿಂಸೆಯಿಂದ ಎಂದೇ ನೆರವಿಗೆ ಹೋಗುವವರು ಭಾವಿಸುತ್ತಾರೆ. ಅದು ಅರ್ಧ ನಿಜ. ಕೈಸೇರದ ಕಾಗದಪತ್ರ, ಸಿಗದ ಕೆಲಸ, ಅಲ್ಲೇ ಉಳಿದುಹೋದ ಮನೆಯವರು, ಅರ್ಥವಾಗದ ಭಾಷೆ ಕೂಡ ದಿನವೂ ಹಿಂಡುತ್ತಿರುತ್ತವೆ. ಆಗಿಹೋದದ್ದನ್ನು ಯಾರೂ ಬದಲಿಸಲಾರರು, ಇವುಗಳಲ್ಲಿ ಕೆಲವನ್ನಾದರೂ ಬಿಡಿಸಬಹುದು. ಕೆಲಸ ಅಲ್ಲಿಂದ ಶುರುವಾಗಲಿ.

ಮೊದಲ ಭೇಟಿಯಲ್ಲಿ "ಅಲ್ಲಿ ಏನಾಯಿತು?" ಎಂದು ಕೇಳಬೇಡಿ. ಆಶ್ರಯದ ಅರ್ಜಿಗಾಗಿ ಅದನ್ನೇ ಅಧಿಕಾರಿಗಳೆದುರು ಮತ್ತೆ ಮತ್ತೆ ಹೇಳಿ ಅವರು ಸೋತಿರಬಹುದು. ಒಂದೇ ಸಲಕ್ಕೆ ಎಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆ ಮಾಡಬಾರದು ಎನ್ನುತ್ತದೆ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ. ನೀವು ಕೇಳಬೇಕಾದ್ದು, "ಈ ವಾರ ಯಾವುದು ಹೆಚ್ಚು ಕಷ್ಟವಾಯಿತು?"

ಬಂದ ಉತ್ತರದಲ್ಲಿ ಕೈಯಲ್ಲಾಗುವ ಒಂದನ್ನು ಆರಿಸಿ, ಚಿಕ್ಕ ಹೆಜ್ಜೆಗಳಾಗಿ ಒಡೆಯಿರಿ. ಆಸ್ಪತ್ರೆಗೆ ಒಬ್ಬರೇ ಹೋಗಲು ಭಯವೆಂದರೆ, ಮೊದಲ ಸಲ ಜೊತೆಗೆ ಹೋಗಿ. ಎರಡನೇ ಸಲ ಜೊತೆಗಿದ್ದರೂ ಟಿಕೆಟ್ ಅವರೇ ಕೊಳ್ಳಲಿ, ಚೀಟಿ ಮಾಡಿಸಲು ಅವರೇ ಮಾತಾಡಲಿ. ಮೂರನೇ ಸಲ ನೀವು ಫೋನಿನಲ್ಲಿ ಸಿಕ್ಕರೆ ಸಾಕು. ಎಲ್ಲವನ್ನೂ ನೀವೇ ಮಾಡಿಕೊಡುವುದು ಬೇಗ ಮುಗಿಯುತ್ತದೆ ನಿಜ, ಆದರೆ ತನ್ನಿಂದ ಏನೂ ಆಗದು ಎಂಬ ಭಾವ ಅವರಲ್ಲಿ ಬೇರೂರುತ್ತದೆ.

ದುಭಾಷಿಯಾಗಿ ಮನೆಯ ಮಕ್ಕಳನ್ನು ಕೂರಿಸಲೇಬಾರದು. ಮಕ್ಕಳಿಗೆ ಭಾಷೆ ಬೇಗ ಬರುತ್ತದೆ, ಅದೇ ತೊಡಕು. ತಾಯಿಯ ಕಾಯಿಲೆ, ತಂದೆಯ ಸಾಲ ಎಲ್ಲ ಹತ್ತು ವರ್ಷದ ಮಗುವಿನ ಬಾಯಲ್ಲಿ ಬರುತ್ತದೆ, ದೊಡ್ಡವರು ಮುಖ್ಯವಾದದ್ದನ್ನು ನುಂಗಿಕೊಳ್ಳುತ್ತಾರೆ, ಮನೆಯಲ್ಲಿ ಅವರ ಮಾತಿನ ತೂಕವೂ ಕುಸಿಯುತ್ತದೆ. ಅದೇ ಸಮುದಾಯದ ದುಭಾಷಿಯಾದರೂ ಒಪ್ಪಿಗೆಯೇ ಎಂದು ಮುಂಚೆ ವಿಚಾರಿಸಿ. ಆತ ವಿರುದ್ಧ ಪಕ್ಷದವನಿರಬಹುದು, ಮಾತು ಹೊರಗೆ ಹೋಗುವ ಭಯವೂ ಇರುತ್ತದೆ. ಮಾತಾಡುವಾಗ ಮುಖ ದುಭಾಷಿಯತ್ತ ಅಲ್ಲ, ಆ ವ್ಯಕ್ತಿಯತ್ತ ಇರಲಿ. ಎರಡು ಚಿಕ್ಕ ವಾಕ್ಯ ಹೇಳಿ ನಿಲ್ಲಿಸಿ.

ಬಂದ ಹೊಸತರಲ್ಲಿ ಉತ್ಸಾಹ ಕಾಣುತ್ತದೆ. ಬದುಕುಳಿದ ನೆಮ್ಮದಿ ಅದು. ಕೆಲವು ತಿಂಗಳು ಕಳೆದು, ಓಡಾಟ ತಗ್ಗಿದಾಗ ಕುಸಿತ ಶುರುವಾಗಬಹುದು. ನೆರವಿನವರು "ಇನ್ನು ಇವರು ನೆಲೆಯಾದರು" ಎಂದು ದೂರ ಸರಿಯುವುದೂ ಆಗಲೇ. ಭೇಟಿಯನ್ನು ಆ ಹೊತ್ತಿನಲ್ಲಿ ಕಡಿಮೆ ಮಾಡಬೇಡಿ.

ನೋವನ್ನು ಹಲವರು ಮನಸ್ಸಿನ ಮಾತಾಗಿ ಹೇಳುವುದಿಲ್ಲ. ತಲೆನೋವು, ಎದೆ ಹಿಡಿದಂತೆ, ಹೊಟ್ಟೆ ಸಂಕಟ ಎನ್ನುತ್ತಾರೆ. ಮೊದಲು ವೈದ್ಯರಿಗೆ ತೋರಿಸಿ, ನಂತರ ನಿದ್ದೆ ಹೇಗಿದೆ ವಿಚಾರಿಸಿ. ಊರಿನ ಸುದ್ದಿಗಾಗಿ ನಡುರಾತ್ರಿಯವರೆಗೂ ಫೋನ್ ನೋಡುತ್ತಿದ್ದರೆ, ಹಗಲಲ್ಲೇ ಒಂದು ಹೊತ್ತು ಗೊತ್ತುಮಾಡಿಕೊಳ್ಳಲು ಹೇಳಿ. ಮಲಗುವುದು ತಡವಾದರೂ ಏಳುವ ಸಮಯ ಒಂದೇ ಇರಲಿ. ಬಾಗಿಲು ಬಡಿತ, ಸೈರನ್, ಪಟಾಕಿ, ಸಮವಸ್ತ್ರ ಕೆಲವರನ್ನು ಬೆಚ್ಚಿಬೀಳಿಸುತ್ತವೆ. ಪಟಾಕಿ ಸಿಡಿಯುವ ದಿನವಿದ್ದರೆ ಮುಂಚೆಯೇ ತಿಳಿಸಿ, ಮನೆಗೆ ಬರುವ ಮೊದಲು ಫೋನ್ ಮಾಡಿ.

ಹಳೆಯದನ್ನು ಮರೆತು ಇಲ್ಲಿಯವರಾಗಿ ಎಂದು ಒತ್ತಾಯಿಸುವುದು ಒಳ್ಳೆಯದಲ್ಲ. ಮನೆಮಾತು, ಪ್ರಾರ್ಥನೆ, ಹಬ್ಬ ಉಳಿಸಿಕೊಂಡೇ ಹೊಸ ಸಮಾಜದಲ್ಲಿ ಬೆರೆಯುವವರು ಸಾಮಾನ್ಯವಾಗಿ ಹೆಚ್ಚು ಗಟ್ಟಿಯಾಗಿರುತ್ತಾರೆ.

ದುಃಸ್ವಪ್ನ, ಬೆಚ್ಚುವಿಕೆ ತಿಂಗಳು ದಾಟಿದರೂ ಮುಂದುವರಿದು ದಿನದ ಕೆಲಸಕ್ಕೆ ಅಡ್ಡಿಯಾದರೆ ಮನೋವೈದ್ಯಕೀಯ ನೆರವು ಬೇಕು. ಸಾಯುವ ಮಾತು ಬಂದರೆ, "ಅಂಥ ಯೋಚನೆ ಬರುತ್ತಿದೆಯೇ, ಹೇಗೆಂದು ಅಂದುಕೊಂಡಿದ್ದೀರಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ದುಭಾಷಿ ಬೇಕೆಂದು ದಾರಿಯಲ್ಲೇ ಫೋನ್ ಮಾಡಿ ತಿಳಿಸಿ.