ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಬಿಯರ್ ರುಚಿ ನೋಡುವ ಕ್ರಮ

ಬೆಂಗಳೂರಿನ ಮೈಕ್ರೋಬ್ರೂವರಿಗೆ, ಅಂದರೆ ತನ್ನಲ್ಲೇ ಬಿಯರ್ ತಯಾರಿಸಿ ಬಡಿಸುವ ಜಾಗಕ್ಕೆ, ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಶನಿವಾರ ರಾತ್ರಿ ಐದಾರು ಜನರ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಬಾಗಿಲಲ್ಲಿ ಮುಕ್ಕಾಲು ಗಂಟೆ ಕಾದು, ಎದುರಿಗೆ ಕೂತವರ ಮಾತೂ ಕೇಳಿಸದಷ್ಟು ಜೋರಾದ ಸಂಗೀತದ ನಡುವೆ ಪಟ್ಟಿಯಲ್ಲಿ ಮೊದಲು ಕಂಡ ಬಿಯರನ್ನು ದೊಡ್ಡ ಜಗ್ಗುಗಳಲ್ಲಿ, ಪಿಚರ್‌ಗಟ್ಟಲೆ ತರಿಸಿ, ಏನು ಕುಡಿದೆವೆಂಬುದು ಮಾರನೆಯ ದಿನ ನೆನಪಿಲ್ಲದಂತೆ ಮನೆಗೆ ಮರಳುತ್ತಾರೆ. ಸ್ನೇಹಿತರ ಕೂಟಕ್ಕೆ ಅದೇ ಸಾಕು. ಆದರೆ ಊರಿನ ಬ್ರೂವರಿಗಳನ್ನು ನಿಜವಾಗಿ ತಿಳಿದುಕೊಳ್ಳಬೇಕೆಂಬ ಆಸೆಯಿದ್ದರೆ ವಾರದ ನಡುವಿನ ಒಂದು ದಿನ, ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯದು ಶುರುವಾಗುವ ಮೊದಲು, ಒಬ್ಬರೇ ಅಥವಾ ಇಬ್ಬರೇ ಹೋಗುವುದು ಒಳ್ಳೆಯದು. ಆ ಹೊತ್ತಿನಲ್ಲಿ ಬಡಿಸುವವರಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಅದೃಷ್ಟವಿದ್ದರೆ ಗಾಜಿನ ಗೋಡೆಯ ಹಿಂದೆ ರಬ್ಬರ್ ಬೂಟು ತೊಟ್ಟು ಟ್ಯಾಂಕು ತೊಳೆಯುತ್ತಿರುವ ಬ್ರೂವರ್ ಕೂಡ ಹೊರಬಂದು ನಾಲ್ಕು ಮಾತು ಆಡಿಯಾರು.

ಬಿಯರ್ ಈ ಊರಿಗೆ ಹೊಸದಲ್ಲ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಕುಡಿಯುವ ಜಾಗದಲ್ಲೇ ಬಿಯರ್ ತಯಾರಿಸುವ ಪದ್ಧತಿ ಮಾತ್ರ ಇಲ್ಲಿ ಬೇರೂರಿದ್ದು 2010ರ ನಂತರ. ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್, ದಿ ಬಿಯರ್ ಕ್ಲಬ್, 2012ರಲ್ಲಿ ಅಮೆರಿಕದ ಮಿಷಿಗನ್‌ನ ಆನ್ ಆರ್ಬರ್ ಪಟ್ಟಣದಿಂದ ಹೆಸರನ್ನೂ ಪಾಕವನ್ನೂ ತಂದ ಆರ್ಬರ್ ಬ್ರೂಯಿಂಗ್ ಕಂಪನಿ, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇವೆಲ್ಲ ಆ ಮೊದಲ ಅಲೆಗೆ ಸೇರಿದವು. ಇಂಥ ಕಡೆ ಸಿಗುವ ಬಿಯರನ್ನು ಸಾಮಾನ್ಯವಾಗಿ ಪಾಶ್ಚರೀಕರಿಸಿರುವುದಿಲ್ಲ, ಹೆಚ್ಚಿನ ಬಗೆಗಳನ್ನು ಸೋಸಿರುವುದೂ ಇಲ್ಲ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರಬೇಕಾದ ಬಾಟಲಿಯ ಬಿಯರಿಗೂ ಇದಕ್ಕೂ ಇರುವ ಅಂತರ ಮುಖ್ಯವಾಗಿ ಇಲ್ಲಿದೆ. ಆದ್ದರಿಂದ ಕುಳಿತ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ "ಯಾವುದು ಚೆನ್ನಾಗಿದೆ" ಎಂಬುದಲ್ಲ, "ಯಾವುದು ಹೊಸದಾಗಿ ಟ್ಯಾಪ್‌ಗೆ ಬಂದಿದೆ" ಎಂಬುದು.

ಪಟ್ಟಿಯಲ್ಲಿರುವ ಪದಗಳನ್ನು ಕಂಡು ಹೆದರಬೇಕಾಗಿಲ್ಲ. ಅರ್ಧ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಮಕ್ಕಳಿಗೆ ಮಾಲ್ಟ್ ಮಾಡಿ ಕುಡಿಸಿದವರಿಗೆ ಬಾರ್ಲಿ ಮಾಲ್ಟ್ ಎಂದರೇನೆಂದು ವಿವರಿಸುವ ಅಗತ್ಯವಿಲ್ಲ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು, ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಹಾಕಿದಾಗ, ಅದರ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿ ರಸವನ್ನು ಬಸಿದು, ಹಾಪ್ಸ್ ಹೂವು ಹಾಕಿ ಗಂಟೆಯಷ್ಟು ಹೊತ್ತು ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಉಳಿದ ಚರಟ ಹಿಂಡಿಯಂತೆ ದನಗಳ ಮೇವಾಗುವುದೂ ಉಂಟು. ಹಾಪ್ಸ್ ಕಹಿ ಕೊಡುತ್ತದೆ, ಮಾಲ್ಟ್ ಬಣ್ಣವನ್ನೂ ಬಾಯಿ ತುಂಬುವ ಮೈಯನ್ನೂ ಕೊಡುತ್ತದೆ, ಯೀಸ್ಟ್ ಮದ್ಯಾಂಶದ ಜೊತೆಗೆ ಪರಿಮಳವನ್ನೂ ಕೊಡುತ್ತದೆ. ಪಟ್ಟಿಯಲ್ಲಿ ಹೆಸರಿನ ಪಕ್ಕ ಕಾಣುವ ಎರಡು ಅಂಕಿಗಳಲ್ಲಿ ಎಬಿವಿ ಎಂಬುದು ಮದ್ಯದ ಶೇಕಡಾವಾರು, ಐಬಿಯು ಎಂಬುದು ಕಹಿಯ ಅಳತೆ.

ನನ್ನ ಮುಖ್ಯ ಸಲಹೆ ಒಂದೇ. ಹೋದಲ್ಲೆಲ್ಲ ಹೊಸ ಹೊಸ ಹೆಸರುಗಳ ಬೆನ್ನು ಹತ್ತುವ ಬದಲು ಒಂದು ಬಗೆಯನ್ನು ಆಯ್ದುಕೊಂಡು, ಪ್ರತಿ ಬ್ರೂವರಿಯಲ್ಲೂ ಅದನ್ನೇ ಮೊದಲು ಕುಡಿಯಿರಿ. ಈ ಊರಿನಲ್ಲಿ ಅದಕ್ಕೆ ಗೋಧಿಯ ಬಿಯರಿಗಿಂತ ತಕ್ಕದ್ದಿಲ್ಲ, ಏಕೆಂದರೆ ಅದು ಹೆಚ್ಚುಕಡಿಮೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಜರ್ಮನ್ ಕ್ರಮದ ಗೋಧಿಯ ಬಿಯರಾದ ಹೆಫೆವೈಸನ್‌ನಲ್ಲಿ ಮಾಲ್ಟಿನ ಅರ್ಧಕ್ಕಿಂತ ಹೆಚ್ಚು ಪಾಲು ಗೋಧಿಯದು. ಲೋಟವನ್ನು ಮೂಗಿನ ಬಳಿ ತಂದರೆ ಬಾಳೆಹಣ್ಣಿನ ವಾಸನೆ ಬರುತ್ತದೆ. ಏಲಕ್ಕಿ ಬಾಳೆಯದಲ್ಲ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬರುವಷ್ಟು ಮಾಗಿದ ಪಚ್ಚಬಾಳೆಯದು. ಅದರ ಹಿಂದೆಯೇ ಲವಂಗದ ಘಮ. ಬಾಳೆಹಣ್ಣು ಹಾಕಿದ್ದಾರೆಯೇ ಎಂದು ನಾನೂ ಒಮ್ಮೆ ಕೇಳಿ ನಗೆಗೀಡಾಗಿದ್ದೇನೆ. ಹಣ್ಣೂ ಇಲ್ಲ, ಲವಂಗವೂ ಇಲ್ಲ. ಎರಡೂ ಆ ಯೀಸ್ಟಿನ ಕೆಲಸ. ಹುದುಗುವಾಗ ಟ್ಯಾಂಕಿನ ಶಾಖ ತುಸು ಏರಿದರೆ ಬಾಳೆಹಣ್ಣು ಮುಂದಾಗುತ್ತದೆ, ಇಳಿದರೆ ಲವಂಗ. ಹಾಗಾಗಿ ಒಂದೇ ಬಗೆಯ ಬಿಯರು ಮೂರು ಕಡೆ ಮೂರು ರೀತಿ ಇರುತ್ತದೆ, ಮತ್ತು ಮೂರನೆಯ ಲೋಟದ ಹೊತ್ತಿಗೆ ಯಾರ ಕೈ ಹೇಗೆಂಬುದು ನಾಲಿಗೆಗೆ ಹೊಳೆಯತೊಡಗುತ್ತದೆ. ಬೆಲ್ಜಿಯಂ ಕ್ರಮದ ವಿಟ್‌ಬಿಯರ್ ಇದರ ಸೋದರಸಂಬಂಧಿ. ಅದರಲ್ಲಿ ಮಾತ್ರ ನಿಜವಾಗಿಯೂ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಇರುತ್ತವೆ.

ಗೋಧಿಯ ಬಿಯರು ಪರಿಚಯವಾದ ಮೇಲೆ ಲಾಗರಿಗೆ ಬನ್ನಿ. ಲಾಗರ್ ಎಂದರೆ ಅಂಗಡಿಯ ನೀರಸ ಬಿಯರು ಎಂಬ ತಾತ್ಸಾರ ಹಲವರಿಗಿದೆ. ವಾಸ್ತವದಲ್ಲಿ ಬ್ರೂವರ್‌ಗೆ ಕಠಿಣ ಪರೀಕ್ಷೆ ಅದೇ. ತಣ್ಣನೆಯ ಟ್ಯಾಂಕಿನಲ್ಲಿ ವಾರಗಟ್ಟಲೆ ಕಾಯಬೇಕು. ಪರಿಮಳದ ಮುಸುಕಿಲ್ಲದ ಕಾರಣ ಸಣ್ಣ ತಪ್ಪೂ ಅಡಗುವುದಿಲ್ಲ. ಅಷ್ಟು ದಿನ ಟ್ಯಾಂಕನ್ನು ಅದಕ್ಕೇ ಮೀಸಲಿಟ್ಟು ಒಳ್ಳೆಯ ಪಿಲ್ಸ್ನರ್ (ತಿಳಿ ಬಣ್ಣದ ಒಂದು ಬಗೆಯ ಲಾಗರ್) ಕೊಡುವ ಜಾಗವನ್ನು ಗುರುತು ಮಾಡಿಟ್ಟುಕೊಳ್ಳಿ. ಸ್ಟೌಟ್ ಎಂಬ ಕಪ್ಪು ಬಿಯರು ನಮ್ಮವರಿಗೆ ಸುಲಭವಾಗಿ ಒಗ್ಗುತ್ತದೆ, ಏಕೆಂದರೆ ಕಪ್ಪಗೆ ಹುರಿದ ಬಾರ್ಲಿಯ ಕಹಿಯು ಸಕ್ಕರೆಯಿಲ್ಲದ ಫಿಲ್ಟರ್ ಡಿಕಾಕ್ಷನ್‌ನಿಂದ ಬಹಳ ದೂರವಿಲ್ಲ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್‌ನ ಕಹಿಯನ್ನೇ ಮುಂದಿಟ್ಟುಕೊಂಡದ್ದು; ಹಾಗಲಕಾಯಿ ಗೊಜ್ಜು ಇಷ್ಟಪಡುವವರು ಬೇಗ ಒಲಿಯುತ್ತಾರೆ. ಉಳಿದಂತೆ ಅಕ್ಕಿ ಸೇರಿಸಿ ಮೈ ಹಗುರ ಮಾಡಿದ ಟಾಯ್ಟ್‌ನ ಬಾಸ್ಮತಿ ಬ್ಲಾಂಡ್‌ನಂಥವು, ಬೇಸಿಗೆಯಲ್ಲಿ ಮಾವು ಹಾಕಿದವು ಕಾಣಿಸುತ್ತವೆ. ಹಣ್ಣು ಹಾಕಿದ ಬಿಯರಿನ ಬಗ್ಗೆ ನನಗೆ ಸ್ವಲ್ಪ ಅನುಮಾನ. ಹಣ್ಣಿನ ಸಿಹಿಯಲ್ಲಿ ಬಿಯರಿನ ಗುಣವೂ ದೋಷವೂ ಎರಡೂ ಮುಚ್ಚಿಹೋಗುತ್ತವೆ.

ಪಿಚರ್ ತರಿಸುವ ಬದಲು ಸ್ಯಾಂಪ್ಲರ್ ಕೇಳಿ. ಮರದ ಹಲಗೆಯ ಮೇಲೆ ನಾಲ್ಕಾರು ಪುಟ್ಟ ಲೋಟಗಳು ಸಾಲಾಗಿ ಬರುತ್ತವೆ. ತಿಳಿಯಾದದ್ದರಿಂದ ಕಪ್ಪಿನ ಕಡೆಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಯ ಕಡೆಗೆ ಸಾಗಬೇಕು. ಐಪಿಎ ಕುಡಿದು ಗೋಧಿಯ ಬಿಯರಿಗೆ ಹಿಂದಿರುಗಿದರೆ ಅದು ನೀರಿನಂತೆ ತೋರುತ್ತದೆ. ಲೋಟವನ್ನೂ ನೋಡಿ. ನೊರೆ ಎರಡು ಬೆರಳಿನಷ್ಟು ನಿಲ್ಲಬೇಕು, ಬಿಯರು ಇಳಿದಂತೆಲ್ಲ ಗಾಜಿನ ಒಳಗೆ ಬಳೆಗಳಂತೆ ಗುರುತು ಉಳಿಸಬೇಕು. ನೊರೆ ಕ್ಷಣದಲ್ಲಿ ಕುಸಿದು, ಗುಳ್ಳೆಗಳು ಲೋಟದ ಒಳಬದಿಗೆ ಅಲ್ಲಲ್ಲಿ ಅಂಟಿಕೊಂಡಿದ್ದರೆ ಲೋಟದಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ತೀರಾ ತಣ್ಣಗಿದ್ದರೆ ಐದು ನಿಮಿಷ ಕಾಯಿರಿ, ಸ್ಟೌಟ್ ಆದರೆ ಹತ್ತು. ಚಳಿಯಲ್ಲಿ ಪರಿಮಳ ಏಳುವುದಿಲ್ಲ.

ದೋಷಗಳನ್ನು ಗುರುತಿಸಲು ಕಲಿತರೆ ಈ ಸುತ್ತಾಟಕ್ಕೆ ಬೇರೆಯೇ ರುಚಿ. ಕರಗಿದ ಬೆಣ್ಣೆಯ ವಾಸನೆ ಬಂದರೆ ಬಿಯರನ್ನು ಹುದುಗಿನ ಟ್ಯಾಂಕಿನಿಂದ ಅವಸರದಲ್ಲಿ ಇಳಿಸಿರಬಹುದು, ಇಲ್ಲವೇ ಕೊಳವೆಗಳು ಶುಚಿಯಾಗಿಲ್ಲದಿರಬಹುದು. ಹಸಿರು ಸೇಬಿನ ವಾಸನೆ ಅದು ಇನ್ನೂ ಎಳಸೆಂಬುದರ ಸೂಚನೆ. ಬೇಯಿಸಿದ ಮುಸುಕಿನ ಜೋಳದ ವಾಸನೆಯಿದ್ದರೆ ಕುದಿಸಿದ್ದು ಸಾಲದು. ಒದ್ದೆ ರಟ್ಟಿನ ರುಚಿಯಿದ್ದರೆ ಗಾಳಿ ತಾಗಿ ಹಳತಾಗಿದೆ. ಒಮ್ಮೆ ಒಂದು ಬ್ರೂವರಿಯಲ್ಲಿ ನನಗೆ ಬಂದ ಲಾಗರ್ ಬೆಣ್ಣೆ ಬಿಸ್ಕತ್ತಿನಂತೆ ಘಮಘಮಿಸುತ್ತಿತ್ತು. ಬಡಿಸಿದ ಹುಡುಗನಿಗೆ ಮೆಲ್ಲಗೆ ಹೇಳಿದೆ. ಅವನು ಒಳಗೆ ಹೋಗಿ ಬಂದು, "ಇದು ಹಾಗೇ ಇರೋದು ಸಾರ್" ಎಂದ. ವಾದ ಮಾಡದೆ ಗೋಧಿಯದನ್ನು ತರಿಸಿಕೊಂಡೆ, ಅದು ಚೆನ್ನಾಗಿತ್ತು. ಸಾಮಾನ್ಯವಾಗಿ ಮರ್ಯಾದೆಯಿಂದ ಹೇಳಿದರೆ ಲೋಟ ಬದಲಿಸಿಕೊಡುತ್ತಾರೆ, ಕೇಳಲು ಸಂಕೋಚ ಬೇಡ.

ನಂಜಿಕೊಳ್ಳಲು ವಿಪರೀತ ಖಾರದ್ದು ಬೇಡ, ಕಹಿಯ ಜೊತೆ ಖಾರ ಇನ್ನಷ್ಟು ಉರಿಯುತ್ತದೆ. ಗೋಧಿಯ ಬಿಯರಿಗೆ ಮೀನು, ಕೋಳಿ, ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಹೊಂದುತ್ತವೆ. ಸ್ಟೌಟಿಗೆ ಸುಟ್ಟ ಮಾಂಸ ಅಥವಾ ಚಾಕೊಲೇಟ್.

ಒಂದೇ ಸಂಜೆ ಊರೆಲ್ಲ ಸುತ್ತುವ ಯೋಜನೆ ಹಾಕಬೇಡಿ; ಬೆಂಗಳೂರಿನ ಟ್ರಾಫಿಕ್ಕು ಅದಕ್ಕೆ ಬಿಡುವುದೂ ಇಲ್ಲ. ಒಂದು ದಿನಕ್ಕೆ ಒಂದು ಬಡಾವಣೆ, ಹೆಚ್ಚೆಂದರೆ ಎರಡು ಬ್ರೂವರಿ. ನೇರಳೆ ಮೆಟ್ರೋ ಮಾರ್ಗ ಎಂ.ಜಿ. ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್‌ಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದರಿಂದ ಮೊದಲ ಮೂರು ಸುತ್ತುಗಳಿಗೆ ಅದು ಸಾಕು, ಜೆ.ಪಿ. ನಗರದ ಊರು ಬ್ರೂಪಾರ್ಕ್, ಹೆಣ್ಣೂರಿನ ಬಿಗ್ ಬ್ರೂಸ್ಕಿಯಂಥವನ್ನು ಆಮೇಲೆ ಇಟ್ಟುಕೊಳ್ಳಬಹುದು. ಸ್ವಂತ ವಾಹನ ಮನೆಯಲ್ಲೇ ಇರಲಿ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ. ಅರ್ಧ ಲೀಟರಿನ ಒಂದೇ ಲೋಟವೂ ಅದನ್ನು ದಾಟಿಸಬಹುದು, ಮತ್ತು ಮೊದಲ ಸಲ ಸಿಕ್ಕಿಬಿದ್ದರೂ ದಂಡ 10,000 ರೂಪಾಯಿ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. 21 ವರ್ಷ ತುಂಬದವರಿಗೆ ಮದ್ಯ ಕೊಡುವುದಿಲ್ಲ, ಆದ್ದರಿಂದ ಎಳೆಯ ಮುಖದವರು ಗುರುತಿನ ಚೀಟಿ ಒಯ್ಯಬೇಕು. ಗಾಂಧಿ ಜಯಂತಿಯಂದು, ಮತದಾನ ಮುಗಿಯುವ ಮೊದಲಿನ 48 ಗಂಟೆಗಳಲ್ಲಿ ಮಾರಾಟವಿರುವುದಿಲ್ಲ. ಬಿಲ್ಲಿನಲ್ಲಿ ಸೇವಾ ಶುಲ್ಕವಿದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಎನ್ನಬಹುದು. ಬಿಯರಿನ ಮೇಲೆ ಜಿಎಸ್‌ಟಿ ಇಲ್ಲ, ಊಟದ ಮೇಲಿದೆ. ಎರಡನ್ನೂ ಒಟ್ಟು ಸೇರಿಸಿ ಲೆಕ್ಕ ಹಾಕಿದ್ದಾರೆಯೇ ನೋಡಿ.

ಹೊರಡುವ ಮೊದಲು ಬ್ರೂವರಿಯ ಹೆಸರು, ತಾರೀಖು, ಬಿಯರಿನ ಬಗೆ ಮತ್ತು ಒಂದೇ ಸಾಲಿನ ಅನಿಸಿಕೆಯನ್ನು ಅಲ್ಲೇ ಬರೆದುಕೊಳ್ಳಿ. ನನ್ನ ಪುಸ್ತಕದ ಮೊದಲ ಸಾಲು "ಗೋಧಿ: ಬಾಳೆಹಣ್ಣು ಜಾಸ್ತಿ, ಲವಂಗ ಇಲ್ಲ, ನೊರೆ ಬೇಗ ಹೋಯಿತು" ಎಂದಿದೆ. ಆರು ತಿಂಗಳ ನಂತರ ಅದೇ ಮೇಜಿಗೆ ಹೋಗಿ ಅದನ್ನೇ ತರಿಸಿದಾಗ ಲವಂಗ ಬಂದಿತ್ತು.