ಮಳೆಗಾಲದಲ್ಲಿ ಚಿಂಚೋಳಿ ಕಡೆ ಟೆಂಟ್ ಹಾಕೋಕೆ ಹೊರಟವರಿಗೆ

ಹೋದ ಸೆಪ್ಟೆಂಬರ್‌ನಲ್ಲಿ ನಾವು ಐದು ಜನ ಕಲಬುರಗಿಯಿಂದ ಕಾರಿನಲ್ಲಿ ಚಿಂಚೋಳಿಗೆ ಹೊರಟೆವು. ಚಂದ್ರಂಪಳ್ಳಿ ಡ್ಯಾಮ್ ನೋಡಿ, ಕಾಡಲ್ಲಿ ನಡೆದು, ರಾತ್ರಿ ಟೆಂಟ್ ಹಾಕೋ ಆಸೆ. ದಾರಿಯಲ್ಲೇ ಜೋರು ಮಳೆ. ಹತ್ತಿರದ ದಾರಿ ಅಂತ ಹೊಲದ ರಸ್ತೆಗೆ ಇಳಿದದ್ದೇ ತಪ್ಪಾಯಿತು. ಎರೆ ಮಣ್ಣಿನಲ್ಲಿ ಗಾಲಿ ಹೂತುಹೋಯಿತು.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅಂಟಿನ ಹಾಗೆ ಗಾಲಿಗೆ ಹಿಡಿಯುತ್ತದೆ. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಬೇಡಿ, ಗಾಲಿ ಇನ್ನೂ ಕೆಳಗೆ ಇಳಿಯುತ್ತದೆ. ಆ ಹೊಲದ ರೈತ ಕಾಕಾ ಬಂದು ನಮಗೆ ಹೇಳಿಕೊಟ್ಟರು: ಮೊದಲು ಗಾಲಿ ಮುಂದಿನ ಮಣ್ಣು ಕೆರೆದು ತೆಗೆಯಬೇಕು. ಆಮೇಲೆ ಒಣ ತೊಗರಿ ಕಟ್ಟಿಗೆ, ಚಪ್ಪಟೆ ಕಲ್ಲು ಗಾಲಿಗೆ ತಾಗುವಂತೆ ಇಟ್ಟು, ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಳೆಯಬೇಕು. ಕಟ್ಟಿಗೆಯನ್ನೂ ಅವರೇ ತಮ್ಮ ಬಣವೆಯಿಂದ ಕೊಟ್ಟರು. ಆ ಉಪಕಾರ ಮರೆಯೋಕಾಗಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿದರೂ ಹಿಡಿತ ಸಿಗುತ್ತದೆ. ಆದರೆ ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕಲ್ವಾ, ಅದಕ್ಕೆ ಚಿಕ್ಕ ಪಂಪ್ ಜೊತೆಗಿರಲಿ. ಸಲಿಕೆ, ಗಟ್ಟಿ ಹಗ್ಗ, ಟಾರ್ಚ್ ಕೂಡ.

ಇನ್ನೊಂದು ಮಾತು. ಚಂದ್ರಂಪಳ್ಳಿ ಡ್ಯಾಮ್ ಸುತ್ತಲಿನ ಕಾಡು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯೋ ಹಾಗಿಲ್ಲ, ಬೆಂಕಿ ಹಚ್ಚೋದಂತೂ ಬೇಡವೇ ಬೇಡ. ಮೊದಲೇ ವಿಚಾರಿಸಿ.

ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಟೆಂಟೊಳಗೂ ಕೂರಬೇಡಿ. ಗಾಜು ಏರಿಸಿ ಕಾರಿನೊಳಗೇ ಇರಿ. ನಾವು ಆ ರಾತ್ರಿ ಟೆಂಟ್ ಬಿಚ್ಚಲೇ ಇಲ್ಲ. ಚಿಂಚೋಳಿ ಊರಲ್ಲೇ ಉಳಿದು, ಬೆಳಿಗ್ಗೆ ಮಳೆ ನಿಂತ ಮೇಲೆ ಡಾಂಬರು ರಸ್ತೆಯಲ್ಲೇ ಡ್ಯಾಮ್‌ಗೆ ಹೋದೆವು.