ಬೀಗ ಹಾಕಿದ್ದಾಯ್ತು, ತಾರೀಖು ನೋಡಿದ್ರಾ?

ಭಾನುವಾರ ಬೆಳ್ಳಂಬೆಳಿಗ್ಗೆ ಚಿಕ್ಕಪ್ಪನ ಫೋನ್. "ನಮ್ಮ ಕಾಫಿಪುಡಿ ಅಂಗಡಿ ವೆಬ್‌ಸೈಟಿಗೆ ವೈರಸ್ ಬಂದಿದ್ಯಂತಲ್ಲೋ, ಗಿರಾಕಿ ಒಬ್ರು ಹೇಳಿದ್ರು." ವೈರಸ್ಸೂ ಇಲ್ಲ ಗೀರಸ್ಸೂ ಇಲ್ಲ. ಹಿಂದಿನ ರಾತ್ರಿ ಎಸ್‌ಎಸ್‌ಎಲ್ ಸರ್ಟಿಫಿಕೇಟಿನ (ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸಿ ಸಂಪರ್ಕಕ್ಕೆ ಬೀಗ ಹಾಕಲು ಬೇಕಾದ ಡಿಜಿಟಲ್ ಪತ್ರ) ಅವಧಿ ಮುಗಿದಿತ್ತು, ಅಷ್ಟೇ. ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿ ಗಿರಾಕಿಗಳನ್ನು ಬಾಗಿಲಲ್ಲೇ ತಡೆದಿತ್ತು. ತಪ್ಪು ನನ್ನದೇ. ಏನೆಂದು ಆಮೇಲೆ ಹೇಳುತ್ತೇನೆ.

ಈ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ನಿಮ್ಮದು ಶೇರ್ಡ್ ಹೋಸ್ಟಿಂಗ್ (ಹಲವು ಸೈಟುಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್) ಆದರೆ ಸಾಮಾನ್ಯವಾಗಿ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಎಸ್‌ಎಸ್‌ಎಲ್ ಬಟನ್ ಇರುತ್ತದೆ, ಒಮ್ಮೆ ನೋಡಿ. ಇಲ್ಲಿ ಹೇಳುವುದು ಸ್ವಂತ ಉಬುಂಟು ಸರ್ವರ್‌ನಲ್ಲಿ ಎನ್‌ಜಿನ್‌ಎಕ್ಸ್ (ಸೈಟಿನ ಪುಟಗಳನ್ನು ಬಡಿಸುವ ತಂತ್ರಾಂಶ) ಓಡಿಸುವವರಿಗೆ.

ಮೊದಲು ಡಿಎನ್‌ಎಸ್, ಅಂದರೆ ಸೈಟಿನ ಹೆಸರಿನಿಂದ ಸರ್ವರಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಡೊಮೈನಿನ (ಸೈಟಿನ ಹೆಸರಿನ) ಎ ರೆಕಾರ್ಡ್ ನಿಮ್ಮ ಸರ್ವರಿನ ಐಪಿ ವಿಳಾಸವನ್ನೇ ತೋರಿಸಬೇಕು. ಹಳೇ ಸರ್ವರಿನ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ರೆಕಾರ್ಡ್ ಉಳಿದುಕೊಂಡಿದ್ದರೆ ತೆಗೆದುಹಾಕಿ. ಡೊಮೈನ್ ನಿಮ್ಮದೇ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಮಾಡುವ ತಪಾಸಣೆ ಅಲ್ಲಿಗೇ ಹೋಗಿ ಫೇಲ್ ಆಗುತ್ತದೆ, ನೀವು ಇಲ್ಲಿ ಸುಮ್ನೆ ತಲೆ ಕೆರೆದುಕೊಳ್ಳುತ್ತೀರಿ. ಫೈರ್‌ವಾಲ್‌ನಲ್ಲಿ (ಸರ್ವರಿನ ಕಾವಲುಗಾರ) 80 ಮತ್ತು 443, ಎರಡೂ ಪೋರ್ಟ್ ತೆರೆದಿರಲಿ; 80 ಬೀಗವಿಲ್ಲದ ಎಚ್‌ಟಿಟಿಪಿಯ ಬಾಗಿಲು, 443 ಬೀಗವಿರುವ ಎಚ್‌ಟಿಟಿಪಿಎಸ್‌ನದು.

ಆಮೇಲೆ ಸರ್ಟಿಫಿಕೇಟ್ ತಂದು ಕೂರಿಸುವ ತಂತ್ರಾಂಶ ಸರ್ಟ್‌ಬಾಟ್ ಹಾಕಿಕೊಳ್ಳಿ: ಸುಡೊ ಸ್ನ್ಯಾಪ್ ಇನ್‌ಸ್ಟಾಲ್ --ಕ್ಲಾಸಿಕ್ ಸರ್ಟ್‌ಬಾಟ್. (ಕಮಾಂಡ್‌ಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಗೊತ್ತಲ್ವಾ!) ಮುಂದಿನದು: ಸುಡೊ ಸರ್ಟ್‌ಬಾಟ್ --ಎನ್‌ಜಿನ್‌ಎಕ್ಸ್. ಯಾವ ಡೊಮೈನಿಗೆ ಎಂದು ಕೇಳುತ್ತದೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಆರಿಸಿ. ಒಂದನ್ನೇ ಕೊಟ್ಟರೆ ಇನ್ನೊಂದರಲ್ಲಿ ಬಂದವರಿಗೆ ಎಚ್ಚರಿಕೆಯೇ ಕಾಣುತ್ತದೆ. ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಮಾಡಲೇ ಎಂದು ಕೇಳಿದರೆ ಹೂಂ ಅನ್ನಿ. ಹತ್ತು ನಿಮಿಷದ ಕೆಲಸ.

ಫೇಲ್ ಆಯಿತೇ? ಮತ್ತೆ ಮತ್ತೆ ಎಂಟರ್ ಒತ್ತಬೇಡಿ. ಒಂದು ಹೆಸರಿಗೆ ಗಂಟೆಯಲ್ಲಿ 5 ಸಲ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್‌ನವರು ಕಾಯಿಸುತ್ತಾರೆ. ಬದಲಿಗೆ --ಡ್ರೈ-ರನ್ ಇರುವ ಈ ಕಮಾಂಡ್ ಓಡಿಸಿ: ಸುಡೊ ಸರ್ಟ್‌ಬಾಟ್ ಸರ್ಟ್‌ಓನ್ಲಿ --ಎನ್‌ಜಿನ್‌ಎಕ್ಸ್ --ಡ್ರೈ-ರನ್. ಇದು ಬರೀ ರಿಹರ್ಸಲ್, ಧಾರಾಳವಾಗಿ ತಪ್ಪಿ ಕಲಿಯಬಹುದು.

ಎನ್‌ಜಿನ್‌ಎಕ್ಸ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಕೈಯಾರೆ ಬರೆಯುವವರಿಗೆ ಒಂದು ಮಾತು. ಸರ್ಟ್.ಪೆಮ್ ಬೇಡ, ಫುಲ್‌ಚೈನ್.ಪೆಮ್ ಕೊಡಿ. ಮೊದಲನೆಯದರಲ್ಲಿ ನಿಮ್ಮ ಸರ್ಟಿಫಿಕೇಟನ್ನು ಬ್ರೌಸರ್ ನಂಬುವ ಮೂಲಕ್ಕೆ ಜೋಡಿಸುವ ಮಧ್ಯದ ಕೊಂಡಿ ಇರುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸೈಟ್ ಚೆನ್ನಾಗಿಯೇ ತೆರೆಯುತ್ತದೆ, ಯಾರದೋ ಆಂಡ್ರಾಯ್ಡ್ ಫೋನಿನಲ್ಲಿ ಎಚ್ಚರಿಕೆ ಬರುತ್ತದೆ. ಬೀಗದ ಗುಟ್ಟಿನ ಕೀಲಿಯಾದ ಪ್ರೈವ್‌ಕೀ.ಪೆಮ್ ಫೈಲನ್ನಂತೂ ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ.

ಈಗ ನನ್ನ ಕಥೆ. ಸರ್ಟಿಫಿಕೇಟಿನ ಆಯಸ್ಸು 90 ದಿನ. ಸರ್ಟ್‌ಬಾಟ್ ದಿನಕ್ಕೆರಡು ಸಲ ತಾರೀಖು ನೋಡುತ್ತದೆ, ಸುಮಾರು 30 ದಿನ ಉಳಿದಾಗ ತಾನೇ ನವೀಕರಿಸುತ್ತದೆ. ಎಚ್‌ಟಿಟಿಪಿಎಸ್ ಬಂತಲ್ಲ, ಇನ್ನು 80 ಯಾಕೆ ಎಂದು ಜಾಣತನ ತೋರಿಸಿ ಆ ಪೋರ್ಟ್ ಮುಚ್ಚಿದ್ದೆ. ಆದರೆ ಡೊಮೈನ್ ನಿಮ್ಮದೇ ಹೌದಾ ಎಂದು ಲೆಟ್ಸ್ ಎನ್‌ಕ್ರಿಪ್ಟ್‌ನವರು ಬಂದು ನೋಡುವುದು 80ರ ಬಾಗಿಲಿನಿಂದಲೇ. ತಿಂಗಳಿಡೀ ಬಂದು ಬಾಗಿಲು ಬಡಿದು ವಾಪಸ್ ಹೋಗಿದ್ದರು. ಸರ್ಟ್‌ಬಾಟ್‌ನ ಲಾಗ್‌ನಲ್ಲಿ (ದಿನಚರಿ ಫೈಲ್) ಎಲ್ಲ ಬರೆದಿತ್ತು. ಓದುವವರು ಬೇಕಲ್ಲ!

ಹಾಗಾಗಿ ಫೈರ್‌ವಾಲ್, ಡಿಎನ್‌ಎಸ್ ಏನು ಮುಟ್ಟಿದರೂ ಸುಡೊ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್ ಓಡಿಸಿ. ಕೊನೇ ದಿನ ನೋಡಲು ಸುಡೊ ಸರ್ಟ್‌ಬಾಟ್ ಸರ್ಟಿಫಿಕೇಟ್ಸ್. ಅವಧಿ ಮುಗಿಯುತ್ತಿದೆ ಎಂಬ ಇಮೇಲನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲೇ ನಿಲ್ಲಿಸಿದೆ. ಅದನ್ನು ನಂಬಿ ಕೂರಬೇಡಿ. ಮುಂದೆ ಇನ್ನೂ ಬಿಗಿ: 2029ರ ಮಾರ್ಚ್ 15ರಿಂದ ಯಾರೇ ಕೊಟ್ಟ ಸರ್ಟಿಫಿಕೇಟೂ ಹೆಚ್ಚೆಂದರೆ 47 ದಿನ.

ಚಿಕ್ಕಪ್ಪನಿಗೆ ಇದ್ಯಾವುದರ ಮೇಲೂ ನಂಬಿಕೆ ಇಲ್ಲ. ಅಂಗಡಿಯ ಗೋಡೆ ಕ್ಯಾಲೆಂಡರಿನಲ್ಲಿ, ಕೊನೇ ದಿನಕ್ಕೆ ಎರಡು ವಾರ ಮೊದಲೇ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನನ್ನ ಹೆಸರು ಬರೆದಿಟ್ಟಿದ್ದಾರೆ.